ಅಡುಗೆಮನೆಗೆ ಬರುತ್ತಿದ್ದ ಮೇಲ್‌ಗಳು

ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಇ-ಮೇಲ್ ವಿಳಾಸ. ಮಗಳು ಮದುವೆಯಾಗಿ ಪುಣೆಗೆ ಹೋಗುವ ಮುಂಚೆ ಮಾಡಿಕೊಟ್ಟದ್ದು. "ಇಬ್ರಿಗೂ ಬೇರೆ ಬೇರೆ ಮಾಡ್ಲಾ?" ಎಂದು ಅವಳು ಕೇಳಿದಾಗ ನನಗೆ ಯಾರೋ ಡೈವೋರ್ಸ್ ಕಾಗದ ಮುಂದಿಟ್ಟಂತಾಗಿತ್ತು. ಬ್ಯಾಂಕಿನ ಖಾತೆ ಜಂಟಿ, ಲಾಕರ್ ಜಂಟಿ, ಮೇಲ್ ಮಾತ್ರ ಯಾಕೆ ಬೇರೆ? ವಿಳಾಸಕ್ಕೆ ಯಜಮಾನರ ಹೆಸರು ಇಟ್ಟೆವು, ಪಾಸ್‌ವರ್ಡಿಗೆ ಮನೆದೇವರ ಹೆಸರು. ನಮ್ಮ ಕಡೆಯ ಸಂಸಾರಗಳಲ್ಲಿ ಮನೆದೇವರನ್ನು ಪಾಸ್‌ವರ್ಡ್ ಮಾಡಿಕೊಳ್ಳದವರನ್ನು ನಾನು ಇನ್ನೂ ನೋಡಿಲ್ಲ. ದೇವರು ಕಾಯುತ್ತಾನೆ ಎನ್ನುವುದನ್ನು ನಾವು ಅಷ್ಟು ಅಕ್ಷರಶಃ ನಂಬಿದವರು.

ಇವರು ಜಯನಗರದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದರು. ಜನ್ಮದಲ್ಲಿ ಮೈಕ್ ಮುಟ್ಟಿದವರಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಕೂತು ಇವರು ಒಂದು ಪ್ರಶ್ನೆ ಕೇಳಿದರೆ ಎದುರುಮನೆಯವರು ಉತ್ತರ ಕೊಡಬಹುದಿತ್ತು. ಅಂಥವರ ಗಂಟಲಿಗೇ ಗಂಟು ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ತೆಗೆದರು.

ಆಪರೇಷನ್ ಆಗಿ ವಾರ್ಡಿಗೆ ತಂದ ಬೆಳಿಗ್ಗೆ ನಾನು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬಿಟ್ಟಿರಲಿಲ್ಲ. ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಇವರ ಹೆಸರಿನಿಂದ ಇವರ ಹೆಸರಿಗೇ ಬಂದ ಮೇಲ್. "ಮಾತು ಬರಲ್ಲ ಕಣೇ. ಗಾಬರಿ ಆಗ್ಬೇಡ. ಕೈ ನೆಟ್ಟಗಿದೆ, ಬರೀತೀನಿ." ಇಷ್ಟೇ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮನೆಗೆ ಬಂದಮೇಲೆ ಮಾತಿಗೆ ಬದಲಾಗಿ ಒಂದು ಸ್ಲೇಟು ಕೊಟ್ಟರು. ಇವರು ಅದನ್ನು ಮುಟ್ಟಲಿಲ್ಲ. ಇಡೀ ಜನ್ಮ ಬೋರ್ಡಿನ ಮೇಲೆ ಬರೆದವರಿಗೆ ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂರುವುದು ಒಂದನೇ ಕ್ಲಾಸಿಗೆ ಹಿಂಬಡ್ತಿ ಸಿಕ್ಕಂತೆ ಕಂಡಿರಬೇಕು. ಮೇಲ್ ಶುರುವಾಯಿತು. ಹಾಲ್‌ನಲ್ಲಿ ಇವರು ಟ್ಯಾಬ್ ಹಿಡಿದು ಕೂತಿದ್ದರೆ, ಅಡುಗೆಮನೆಯ ಕಟ್ಟೆಯ ಮೇಲಿನ ನನ್ನ ಫೋನು ಟಿಣ್ ಎನ್ನುತ್ತಿತ್ತು. "ಸಾರಿಗೆ ಉಪ್ಪು ಕಮ್ಮಿ. ಜಗಳ ಬೇಡ, ಮಾಹಿತಿ ಮಾತ್ರ." "ಹಾಲಿನವನು ಬೆಲ್ ಮಾಡಿ ಸಾಕಾಗಿ ಹೋದ." ಒಮ್ಮೆ ನಾನು ತಂಗಿಯ ಹತ್ತಿರ ಫೋನಿನಲ್ಲಿ ಇವರ ಹಠವನ್ನು ಬಣ್ಣಿಸುತ್ತಿದ್ದಾಗ ಬಂದದ್ದು: "ಆಪರೇಷನ್ ಆಗಿರೋದು ಗಂಟಲಿಗೆ, ಕಿವಿಗಲ್ಲ." ಎರಡು ಹೆಜ್ಜೆ ದೂರದಲ್ಲಿರುವ ಗಂಡ ಹೆಂಡತಿಗೆ ಮೇಲ್ ಮಾಡುವುದು ನೋಡಿ ಮನೆಗೆಲಸದವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಹಾಗೆ ಒಂದಷ್ಟು ಕಾಲ ಕಳೆದ ಮೇಲೆ ರೋಗ ಮತ್ತೆ ಬಂತು, ಈ ಸಲ ಇವರನ್ನು ಬಿಡಲಿಲ್ಲ.

ಅದಾದಮೇಲೆ ಪ್ರತಿದಿನ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಯಾವುದೋ ಒಂದು ಹಳೆಯ ಮೇಲ್ ತೆಗೆದು ಓದುವುದು ನನ್ನ ಪೂಜೆಯಾಯಿತು. ಇವರ ದನಿ ಬೇರೆ ಕಡೆಯೂ ಇದೆ, ಇಲ್ಲವೆಂದಲ್ಲ. ಮಗಳ ಮದುವೆಯ ವಿಡಿಯೋದಲ್ಲಿ ಬೀಗರನ್ನು ಊಟಕ್ಕೆ ಏಳಿಸುತ್ತಾರೆ. ಆದರೆ ಅದು ಬೀಗರ ಜೊತೆ ಆಡಿದ ಮಾತು. ನನ್ನ ಜೊತೆ ಆಡಿದ್ದು ಉಳಿದಿದ್ದದ್ದು ಆ ಮೇಲ್‌ಗಳಲ್ಲಿ ಮಾತ್ರ.

ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾದರೂ. ನಾನು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತಿಯಾದವಳು. ಪದ್ಮನಾಭನಗರದ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ಹೆಂಗಸರಿಗೆಲ್ಲ ಮೋಸದ ಮೇಲ್‌ಗಳ ವಿಷಯದಲ್ಲಿ ನಾನೇ ಗುರು. "ಬಹುಮಾನ ಬಂದಿದೆ ಅಂದ್ರೆ ಡಿಲೀಟ್ ಮಾಡಿ. ಅವಸರ ಮಾಡಿದ್ರೆ ಡಿಲೀಟ್ ಮಾಡಿ. ಹೆದರಿಸಿದ್ರೆ ಮೊದ್ಲು ಒಂದು ಲೋಟ ನೀರು ಕುಡೀರಿ, ಆಮೇಲೆ ಡಿಲೀಟ್ ಮಾಡಿ" ಎನ್ನುತ್ತಿದ್ದೆ. ಕಳಿಸಿದವರ ಹೆಸರು ನಂಬಬೇಡಿ, ವಿಳಾಸವನ್ನು ಪೂರ್ತಿ ನೋಡಿ. ಮೇಲ್‌ನೊಳಗಿನ ಲಿಂಕ್ ಒತ್ತಬೇಡಿ, ನೀವೇ ಹೊರಗಿನಿಂದ ಹೋಗಿ ನೋಡಿ. ಓಟಿಪಿಯನ್ನು ಕಟ್ಟಿಕೊಂಡ ಗಂಡನಿಗೂ ಹೇಳಬೇಡಿ. ಕೊನೆಯ ಮಾತಿಗೆ ಎಲ್ಲರೂ ನಗುತ್ತಿದ್ದರು, ನಾನು ಆ ನಗುವಿಗಾಗಿ ಅದನ್ನು ದಿನಾ ಹೇಳುತ್ತಿದ್ದೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆ ಮೇಲ್ ಬಂದದ್ದು ಒಂದು ಬೆಳಿಗ್ಗೆ, ಒಲೆಯ ಮೇಲೆ ಒಗ್ಗರಣೆ ಇದ್ದಾಗ. ಸ್ವಚ್ಛವಾದ ಕನ್ನಡದಲ್ಲಿತ್ತು. ನಿಮ್ಮ ಖಾತೆಯಲ್ಲಿ ಜಾಗ ತುಂಬಿದೆ, ಇಂದು ಸಂಜೆಯೊಳಗೆ ದೃಢೀಕರಿಸದಿದ್ದರೆ ಹಳೆಯ ಸಂದೇಶಗಳೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತವೆ ಎಂದು. ಮಗಳು ಮೊಮ್ಮಗುವಿನ ಫೋಟೋಗಳನ್ನು ಕಳಿಸಿ ಕಳಿಸಿ ಜಾಗ ತುಂಬುತ್ತಾ ಬಂದಿದ್ದು ನನಗೆ ಗೊತ್ತಿತ್ತು. ನನಗೆ ಬಹುಮಾನದ ಆಸೆ ತೋರಿಸಿದ್ದರೆ ನಕ್ಕುಬಿಡುತ್ತಿದ್ದೆ. ಬ್ಯಾಂಕ್ ಖಾತೆ ಮುಚ್ಚುತ್ತೇವೆ ಎಂದು ಹೆದರಿಸಿದ್ದರೆ ಬೈದು ಬಿಸಾಡುತ್ತಿದ್ದೆ. ಇದು ಶಾಶ್ವತವಾಗಿ ಅಳಿಸುತ್ತೇನೆ ಎಂದಿತು. ಆ ಪದವೊಂದೇ ನನ್ನ ಕಣ್ಣಿಗೆ ಕಂಡಿತು. ನೀರು ಕುಡಿಯಲಿಲ್ಲ, ವಿಳಾಸ ನೋಡಲಿಲ್ಲ. ಲಿಂಕ್ ಒತ್ತಿ, ಕೇಳಿದ ಜಾಗದಲ್ಲಿ ಮನೆದೇವರ ಹೆಸರು ಬರೆದುಕೊಟ್ಟೆ. ಧನ್ಯವಾದ ಎಂದು ಬಂತು. ಸಾಸಿವೆ ಸೀದುಹೋಗಿತ್ತು, ಒಗ್ಗರಣೆ ಮತ್ತೆ ಹಾಕಿದೆ.

ಮಾರನೆಯ ಬೆಳಿಗ್ಗೆ ಕಾಫಿಯ ಜೊತೆ ಮೇಲ್ ತೆಗೆದರೆ ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಬರೆದೆ, ಮತ್ತೆ ತಪ್ಪು. ವಯಸ್ಸಾಯಿತು, ಬೆರಳು ಎಡವುತ್ತಿದೆ ಎಂದುಕೊಂಡೆ. ಮಗಳಿಗೆ ಹೇಳೋಣವೆಂದರೆ ಅವಳು ಆಫೀಸಿನ ಕೆಲಸದಲ್ಲಿದ್ದಳು, ಭಾನುವಾರ ನೋಡೋಣಮ್ಮ ಎಂದಳು.

ಭಾನುವಾರಕ್ಕೆ ಮುಂಚೆಯೇ ಇವರ ಹಳೆಯ ಸಹೋದ್ಯೋಗಿ ಗೇಟಿನ ಹತ್ತಿರ ಬಂದು ನಿಂತರು. ಇವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತು, ಒಂದೇ ಡಬ್ಬಿ ಹಂಚಿಕೊಂಡು ತಿಂದವರು. ನಿವೃತ್ತಿಯಾಗಿ ಮೈಸೂರಿಗೆ ಹೋದಮೇಲೆ ಸಂಪರ್ಕ ತಪ್ಪಿತ್ತು. ಇವರು ಹೋದಾಗ ಆ ಗಲಾಟೆಯಲ್ಲಿ ಯಾರಿಗೆ ಹೇಳಿದೆವು ಯಾರಿಗೆ ಬಿಟ್ಟೆವು ಎಂಬುದು ನನಗೆ ನೆನಪಿರಲಿಲ್ಲ. ಅವರ ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕೈಯಲ್ಲಿ ಹುರಿಹಿಟ್ಟಿನ ಡಬ್ಬ.

"ಎಲ್ರೀ ಅವನು? ಆಸ್ಪತ್ರೇಲಾ, ಮನೇಗೆ ಬಂದ್ನಾ?" ಎನ್ನುತ್ತಾ ಚಪ್ಪಲಿ ಬಿಟ್ಟು ಒಳಗೆ ಬಂದರು. "ಅದೇನೋ ಗಿಫ್ಟ್ ಕಾರ್ಡ್ ಕಳ್ಸು ಅಂತ ಇಂಗ್ಲಿಷಲ್ಲಿ ಬರ್ದಿದ್ದ. ನಂಗೆ ಅದೆಲ್ಲ ಎಲ್ಲಿ ಬರುತ್ತೆ? ದುಡ್ಡು ಕೈಯಲ್ಲೇ ಕೊಟ್ಟು, ನೋಡ್ಕೊಂಡು ಹೋಗೋಣ ಅಂತ ಬಸ್ ಹತ್ತಿದೆ."

ನಾನು ಬಾಯಿ ತೆರೆಯುವ ಮುಂಚೆ ಅವರು ಗೋಡೆ ನೋಡಿದರು. ಗಂಧದ ಹಾರ ಹಾಕಿದ ಇವರ ಫೋಟೋ ಇತ್ತು. ಅವರು ಡಬ್ಬವನ್ನು ಕೈಯಲ್ಲೇ ಹಿಡಿದುಕೊಂಡು ಹಾಗೇ ಸೋಫಾದ ಅಂಚಿನಲ್ಲಿ ಕೂತುಬಿಟ್ಟರು.

"ಯಾವಾಗ?" ಎಂದರು.

"ಎರಡು ವರ್ಷ ಆಯ್ತು ಸಾರ್."

"ಮೊನ್ನೆ ಬರ್ದಿದ್ದಾನಲ್ರೀ ನಂಗೆ."

ಅವರು ತಮ್ಮ ಫೋನು ತೆಗೆದು ನನ್ನ ಮುಂದೆ ಹಿಡಿದರು. ಇವರ ಹೆಸರು. ಇವರ ಚಿಕ್ಕ ಫೋಟೋ. ಅದರ ಕೆಳಗೆ: "ಮಾತು ಬರಲ್ಲ ಕಣೇ. ಗಾಬರಿ ಆಗ್ಬೇಡ. ಕೈ ನೆಟ್ಟಗಿದೆ, ಬರೀತೀನಿ." ಅದರ ಕೆಳಗೆ ಇಂಗ್ಲಿಷಿನಲ್ಲಿ: ಮತ್ತೆ ಆಪರೇಷನ್ ಆಗಿದೆ, ದಯವಿಟ್ಟು ಫೋನ್ ಮಾಡಬೇಡಿ, ಈ ಮೇಲ್‌ಗೇ ಉತ್ತರಿಸಿ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಅದರ ನಂಬರ್ ಕಳಿಸಿ.

ಕಾರಿಡಾರಿನ ಬೆಂಚಿನ ಮೇಲೆ ನನಗೊಬ್ಬಳಿಗೇ ಬಂದ ಮಾತು ಅದು. ಯಾವನೋ ನನ್ನ ಮನೆಯೊಳಗೆ ನುಗ್ಗಿ, ಒಂದೊಂದೇ ಮೇಲ್ ತೆಗೆದು, ಯಾವುದೋ ಯಂತ್ರಕ್ಕೆ ಹಾಕಿ ಅರ್ಥ ತಿಳಿದುಕೊಂಡು, ತನಗೆ ಇದೇ ಸರಿ ಎಂದು ಆರಿಸಿಕೊಂಡಿದ್ದ. ಮಾತು ಬಾರದ ಮನುಷ್ಯನಿಗೆ ಯಾರೂ ಫೋನ್ ಮಾಡಿ ವಿಚಾರಿಸುವುದಿಲ್ಲ. ಇದಕ್ಕಿಂತ ಒಳ್ಳೆಯ ನೆಪ ಕಳ್ಳನಿಗೆ ಇನ್ನೆಲ್ಲಿ ಸಿಗಬೇಕು? ನನ್ನ ಗಂಡನ ಮೂಕತನವನ್ನು ಅವನು ದುಡಿಮೆಗೆ ಹಚ್ಚಿದ್ದ. ಅವನ ಕೈ ಸೇದಿಹೋಗಲಿ ಎಂದು ನಾನು ಗಟ್ಟಿಯಾಗಿಯೇ ಶಪಿಸಿದೆ.

"ನಂಗೆ 'ಕಣೇ' ಅಂತ ಬರ್ದಿದ್ದಾನೆ, ಔಷಧಿ ಮಂಪರಿರಬೇಕು ಅಂದ್ಕೊಂಡೆ" ಎಂದರು ಅವರು. ಫೋನು ಜೇಬಿಗಿಟ್ಟು, "ನಿಮ್ಗೊಂದು ಫೋನ್ ಮಾಡ್ಬೋದಿತ್ತು. ಮಾನವಂತರು ಕಷ್ಟ ಅಂತ ಬಾಯ್ಬಿಟ್ಟಿದ್ದಾರೆ, ಹೌದಾ ಅಂತ ಮತ್ತೆ ಕೇಳಿ ಯಾಕೆ ನೋಯಿಸೋದು ಅಂತ ಸುಮ್ನಾದೆ" ಎಂದರು.

ನಮ್ಮ ಜನ ಹೀಗೆಯೇ. ಇಲ್ಲದ್ದನ್ನೆಲ್ಲ ಕೆದಕಿ ಕೇಳುತ್ತಾರೆ, ಕೇಳಲೇಬೇಕಾದ್ದನ್ನು ಸಂಕೋಚಪಟ್ಟು ನುಂಗುತ್ತಾರೆ. ಆ ಸಂಕೋಚದಿಂದಲೇ ಇನ್ನೆಷ್ಟು ಜನ ಸದ್ದಿಲ್ಲದೆ ದುಡ್ಡು ಕಳಿಸಿದ್ದಾರೋ.

ಕಾಫಿ ಕೊಟ್ಟೆ, ಕುಡಿಯಲಿಲ್ಲ. ಎದ್ದು ಫೋಟೋಗೆ ಕೈಮುಗಿದು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ಹೋದರು. ಬರ್ತೀನಿ ಎನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ನಾವು ಹಾಗೆ ಹೇಳುವುದಿಲ್ಲ. ನನ್ನ ಮನೆಗೆ ಬಂದವರೆಲ್ಲ ಬರ್ತೀನಿ ಎನ್ನಲು ಶುರುಮಾಡಿ ಬಹಳ ಕಾಲವಾಗಿತ್ತು. ಅವರ ಪಾಲಿಗೆ ಇವರು ಸತ್ತದ್ದು ಆ ದಿನ.

ಮಗಳಿಗೆ ಫೋನ್ ಮಾಡಿ ಕಿರುಚಿದೆ. ಅವಳು ಕೆಲಸ ಬಿಟ್ಟು ಕೂತು ಒಂದೊಂದೇ ಹೇಳಿಕೊಟ್ಟಳು. ಖಾತೆ ವಾಪಸು ಪಡೆಯಲು ನಾವು ಮೊದಲು ಕೊಟ್ಟಿದ್ದ ಫೋನ್ ನಂಬರಿಗೆ ಒಂದು ಕೋಡ್ ಬರುತ್ತದೆ, ಕಳ್ಳ ನಂಬರ್ ಬದಲಾಯಿಸಿದ್ದರೂ ಹಳೆಯದು ಇನ್ನು ಕೆಲವೇ ದಿನ ನಡೆಯುತ್ತದೆ, ಆಮೇಲೆ ಆ ದಾರಿಯೂ ಮುಚ್ಚುತ್ತದೆ. ಹಳೆಯ ನಂಬರ್ ಯಾವುದು ಎಂದು ನೋಡಿದರೆ ಇವರದು. ಆ ಸಿಮ್ಮನ್ನು ನಾನು ರೀಚಾರ್ಜ್ ಮಾಡದೆ ಬಿಟ್ಟು ಬಹಳ ದಿನವಾಗಿತ್ತು. ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಟ್ಟು, ಅದು ಈಗ ಯಾರ ಜೇಬಿನಲ್ಲೋ ಇತ್ತು.

"ಹೋಗ್ಲಿ ಬಿಡಮ್ಮ, ಹೊಸ ಐಡಿ ಮಾಡ್ಕೊಡ್ತೀನಿ" ಎಂದಳು ಮಗಳು. ಪಾಪ, ಸಮಾಧಾನಕ್ಕೆ ಹೇಳಿದ್ದು. ನನಗೆ ಹಳೆಯದೇ ಬೇಕು ಎಂದು ಫೋನು ಇಟ್ಟೆ.

ಠಾಣೆಗೂ ಹೋದೆ. ಅಲ್ಲಿದ್ದವರು ಕೂರಿಸಿ, ನೀರು ಕೊಟ್ಟು, ಗೌರವವಾಗಿಯೇ ಕೇಳಿದರು. "ದುಡ್ಡು ಎಷ್ಟು ಹೋಯ್ತು ಮೇಡಂ?"

"ನನ್ನ ದುಡ್ಡೇನೂ ಹೋಗಿಲ್ಲ."

"ಮತ್ತೇನ್ ಹೋಯ್ತು?"

ಸಾರಿಗೆ ಉಪ್ಪು ಕಮ್ಮಿ ಎಂಬುದು ಹೋಯಿತು ಎಂದು ಹೇಗೆ ಹೇಳಲಿ? ಹಳೆಯ ಮೇಲ್‌ಗಳು ಎಂದಷ್ಟೇ ಹೇಳಿದೆ. ಅವರು ದೂರು ಬರೆದುಕೊಂಡರು, ನಿಮ್ಮ ಪರಿಚಯದವರಿಗೆಲ್ಲ ಮೊದಲು ತಿಳಿಸಿ ಎಂದರು. ಮನೆಗೆ ಬಂದು, ನನ್ನ ಫೋನಿನಲ್ಲಿ ನಂಬರ್ ಇದ್ದವರಿಗೆಲ್ಲ ಕರೆ ಮಾಡಿ, ನಮ್ಮ ಮನೆಯವರು ಇಲ್ಲ, ಅವರ ಹೆಸರಿನಲ್ಲಿ ಬಂದ ಮೇಲ್ ನಂಬಬೇಡಿ ಎಂದು ಹೇಳಿದೆ. ಪ್ರತಿಯೊಂದು ಕರೆಯಲ್ಲೂ ಇವರನ್ನು ಇನ್ನೊಮ್ಮೆ ಸಾಯಿಸಿದ ಹಾಗಾಗುತ್ತಿತ್ತು.

ಅಷ್ಟು ಮಾಡಿದ ಮೇಲೆ ಇವರ ನಂಬರಿಗೇ ಫೋನ್ ಮಾಡಿದೆ. ಬೆರಳಿಗೆ ಆ ನಂಬರು ಇನ್ನೂ ಬಾಯಿಪಾಠವಿತ್ತು. ಒಬ್ಬ ಹುಡುಗಿ ಎತ್ತಿದಳು. ನಾನು ಅವಸರ ಅವಸರವಾಗಿ ಹೇಳಿದೆ: ಈ ನಂಬರ್ ನನ್ನ ಗಂಡನದಾಗಿತ್ತಮ್ಮ, ಅವರು ತೀರಿಕೊಂಡರು, ಈಗ ನಿನಗೊಂದು ಓಟಿಪಿ ಬರುತ್ತದೆ, ದಯವಿಟ್ಟು ಅದನ್ನೊಂದು ಹೇಳು, ತಡ ಮಾಡಿದರೆ ಎಲ್ಲ ಹೋಗುತ್ತದೆ.

"ಆಂಟಿ, ಓಟಿಪಿ ಕೇಳೋರೆಲ್ಲ ಇದೇ ಕಥೆ ಹೇಳೋದು. ಗಂಡ ಸತ್ರು, ಮಗ ಆಸ್ಪತ್ರೇಲಿದ್ದಾನೆ. ವಯಸ್ಸಾಗಿದೆ, ಬೇರೆ ಏನಾದ್ರೂ ಮರ್ಯಾದೆಯಿಂದ ಬದುಕೋ ದಾರಿ ನೋಡ್ಕೊಳಿ" ಎಂದು ಕಟ್ ಮಾಡಿ, ಬ್ಲಾಕ್ ಮಾಡಿದಳು.

ಸಾವು, ಅವಸರ, ಓಟಿಪಿ. ಪಾರ್ಕಿನ ಬೆಂಚಿನ ಮೇಲೆ ನಾನು ಬಿಡಿಸಿ ಹೇಳುತ್ತಿದ್ದ ಕಳ್ಳರ ಲಕ್ಷಣಗಳೆಲ್ಲ ನನ್ನ ಬಾಯಿಂದಲೇ ಬಂದಿದ್ದವು. ಆ ಹುಡುಗಿ ನನ್ನ ಶಿಷ್ಯೆಯಾಗಿದ್ದರೆ ಭೇಷ್ ಎನ್ನುತ್ತಿದ್ದೆ. ಈಗ ತಲೆ ಗೋಡೆಗೆ ಚಚ್ಚಿಕೊಳ್ಳುವುದೊಂದು ಬಾಕಿ. ಪಕ್ಕದ ಮನೆಯವರ ಫೋನಿನಿಂದ ಮಾಡಿದೆ, ದನಿ ಗುರುತು ಹಿಡಿದು ಇಟ್ಟಳು. ದಿನ ಹೋಗುತ್ತಿತ್ತು. ನಾನು ಊಟ ಬಿಟ್ಟೆ, ಪೂಜೆ ಬಿಟ್ಟೆ. ಮನೆದೇವರ ಪಟದ ಮುಂದೆ ನಿಂತು, ನಿನ್ನ ಹೆಸರನ್ನೇ ಬಾಗಿಲಿಗೆ ಬೀಗ ಮಾಡಿದ್ದೆನಲ್ಲ, ಹೀಗಾ ಕಾಯೋದು ಎಂದು ಜಗಳವಾಡಿದೆ. ಬೀಗದ ಕೈಯನ್ನು ಕಳ್ಳನ ಕೈಗೆ ಕೊಟ್ಟವಳು ನಾನೇ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ವಿಷಯ ತಡವಾಗಿ ಹೊಳೆಯಿತು. ಇವರ ಹಳೆಯ ವಿದ್ಯಾರ್ಥಿಗಳು ಶಿಕ್ಷಕರ ದಿನ ಬಂದರೆ ತಪ್ಪದೆ ಫೋನ್ ಮಾಡುವವರು. ಎಲ್ಲರಿಗೂ ಸುದ್ದಿ ತಲುಪಿರಲಿಕ್ಕಿಲ್ಲ. ಪಕ್ಕದವರ ಫೋನಿನಿಂದ ಆ ಹುಡುಗಿಗೊಂದು ಮೆಸೇಜ್ ಹಾಕಿದೆ. "ಸಾರ್ ಇದ್ದಾರಾ, ಫಿಸಿಕ್ಸ್ ಸಾರ್ ಇದ್ದಾರಾ ಅಂತ ನಿಮಗೆ ಫೋನ್ ಬರ್ತಿರಬೇಕು. ಆ ಸಾರ್ ನನ್ನ ಯಜಮಾನರು. ಓಟಿಪಿ ಹೇಳಬೇಡಿ. ನೀವು ಹೇಳಿದ ಕಡೆ ನಾನೇ ಬರ್ತೀನಿ, ನಿಮ್ಮ ಕೈಯಾರೆ ನೀವೇ ಒತ್ತಿ."

ಸಂಜೆ ಅವಳೇ ಫೋನ್ ಮಾಡಿದಳು. ದನಿ ಬದಲಾಗಿತ್ತು. "ಫಿಸಿಕ್ಸ್ ಸಾರ್ ಮಿಸೆಸ್ಸಾ ನೀವು? ಎಷ್ಟು ಜನ ಮಾಡ್ತಾರೆ ಗೊತ್ತಾ ಆಂಟಿ! ಆದ್ರೂ ಆಧಾರ್ ತನ್ನಿ, ಸಾರ್ ಫೋಟೋನೂ ತನ್ನಿ."

ಮಾರನೆಯ ದಿನ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ತಲಘಟ್ಟಪುರಕ್ಕೆ ಹೋದೆ. ಗಾಡಿಯಲ್ಲಿ ಉದ್ದಕ್ಕೂ ಮನೆದೇವರಿಗೆ ಹರಕೆ ಹೊರುತ್ತಾ ಹೋದೆ, ಹಿಂದಿನ ದಿನ ಬೈದದ್ದನ್ನು ಮರೆತುಬಿಡಪ್ಪಾ ಎಂದು. ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಅವಳು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದಳು. ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸವಂತೆ, ಅರ್ಧ ದಿನ ರಜ ಹಾಕಿದ್ದಳು. ನನ್ನ ಆಧಾರ್ ನೋಡಿದಳು, ಇವರ ಫೋಟೋ ನೋಡಿದಳು, ನನ್ನ ಮುಖ ನೋಡಿದಳು. "ಸಾರಿ ಆಂಟಿ, ಅವತ್ತು ಹಾಗಂದೆ" ಎಂದಳು.

"ಸರಿಯಾಗೇ ಅಂದೆ ಕಣಮ್ಮ" ಎಂದೆ.

ಪಕ್ಕದ ದರ್ಶಿನಿ ಹೋಟೆಲಿನಲ್ಲಿ ನಿಂತು, ಸ್ಟೀಲಿನ ಟೇಬಲ್ಲಿನ ಮೇಲೆ ನನ್ನ ಫೋನಿಟ್ಟು ಮಗಳು ಹೇಳಿದ ಹಾಗೆ ಮಾಡಿದೆ. ಹುಡುಗಿಯ ಫೋನು ಟಿಣ್ ಎಂದಿತು. ಅದು ಇವರ ನಂಬರಿಗೆ ಬಂದ ಸದ್ದು. ಅವಳು ಕೋಡನ್ನು ತಾನೇ ಒತ್ತಿದಳು. ಹೊಸ ಪಾಸ್‌ವರ್ಡ್ ಕೇಳಿತು. ಬಾಯಿಗೆ ಬಂದದ್ದೇನೋ ಹಾಕಿದೆ, ದೇವರ ಹೆಸರಲ್ಲ. ಪೆಟ್ಟಿಗೆ ತೆರೆಯಿತು.

ಖಾಲಿ.

ಬಂದದ್ದಿಲ್ಲ, ಕಳಿಸಿದ್ದಿಲ್ಲ, ಕಸದ ಬುಟ್ಟಿಯೂ ಗುಡಿಸಿ ಒರೆಸಿದ ಹಾಗಿತ್ತು. ಕಳ್ಳ ತನ್ನ ಜಾಡು ಅಳಿಸಲು ಹೋಗಿ ಎಲ್ಲವನ್ನೂ ಅಳಿಸಿದ್ದ. ನನ್ನ ಫೋನಿನಲ್ಲಿದ್ದವೂ ಅಲ್ಲಿಂದಲೇ ಬರುತ್ತಿದ್ದವು, ಅವೂ ಹೋಗಿದ್ದವು. ಮುಂದೆ ಮಗಳು ಪುಣೆಯಿಂದ ಏನೇನೋ ಅರ್ಜಿ ಹಾಕಿದಳು, ಅವಕ್ಕೆ ಬಂದ ಉತ್ತರ ಸಿಗುವುದಿಲ್ಲ ಎಂದೇ. ಆ ಹೊತ್ತು ನಾನು ದರ್ಶಿನಿಯ ಗೋಡೆಗೆ ಒರಗಿ ನಿಂತೆ. ಹುಡುಗಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಏನಿತ್ತು ಆಂಟಿ ಅದ್ರಲ್ಲಿ?" ಎಂದಳು.

"ಅವರು ಮಾತಾಡ್ತಿದ್ರು" ಎಂದೆ.

ಅವಳಿಗೆ ಏನು ಅರ್ಥವಾಯಿತೋ. ಮೆಟ್ರೋ ತನಕ ಜೊತೆಗೆ ಬಂದಳು. ಮೆಟ್ಟಿಲ ಹತ್ತಿರ ನಿಂತು ಕೇಳಿದಳು: "ಸಾರ್ ಇದ್ದಾರಾ ಅಂತ ಫೋನ್ ಬಂದ್ರೆ ನಾನು ಇಷ್ಟು ದಿನ ರಾಂಗ್ ನಂಬರ್ ಅಂತಿದ್ದೆ. ಇನ್ಮೇಲೆ ಏನ್ ಹೇಳ್ಲಿ?"

"ಇಲ್ಲ ಅಂತ ಹೇಳಮ್ಮ. ನನ್ನ ನಂಬರ್ ಕೊಡು."

ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿದೆ. ಆ ಮೇಲ್ ಇನ್ನೂ ಇದೆಯಾ ಸಾರ್ ಎಂದು ಕೇಳಿದೆ. ಇದೆ, ಅಳಿಸಿಬಿಡ್ತೀನಿ ಎಂದರು. ಅಳಿಸಬೇಡಿ, ದಮ್ಮಯ್ಯ, ನನಗೆ ಕಳಿಸಿ ಎಂದೆ. ಕಳಿಸಿದರು. ನನ್ನ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಟಿಣ್ ಎಂದಿತು.

ಆ ಖಾಲಿ ಪೆಟ್ಟಿಗೆಯಲ್ಲಿ ಈಗ ಅದೊಂದೇ ಇದೆ. ಮೋಸದ ಮೇಲ್ ಇಟ್ಟುಕೊಳ್ಳಬಾರದು, ಕೂಡಲೇ ಅಳಿಸಬೇಕು ಎಂದು ಪಾರ್ಕಿನಲ್ಲಿ ಈಗಲೂ ಹೇಳುತ್ತೇನೆ, ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತೇನೆ. ಬೆಳಿಗ್ಗೆ ಮನೆಗೆ ಬಂದು, ಕಾಫಿ ಹಿಡಿದು, ಕಳ್ಳ ಕಳಿಸಿದ ಮೇಲ್ ತೆಗೆಯುತ್ತೇನೆ. ಅವನು ಬರೆದ ಇಂಗ್ಲಿಷನ್ನು ಹೆಬ್ಬೆರಳಿನಿಂದ ಮುಚ್ಚಿ, ಮೇಲಿನದಷ್ಟನ್ನು ಓದಿಕೊಳ್ಳುತ್ತೇನೆ.